ಹದಿನೇಳನೇ ನಂಬರಿನ ಗೋರಿ

ಕುಡ್ತರಿಯ ಇಗರ್ಜಿ ಹಿಂದ
ಮಣ್ಣು ಕೆಂಪ, ಜಾಗಾ ಕಮ್ಮಿ.
ಮೂರು ವರ್ಷಕ್ಕ ಒಬ್ಬರನ್ನ ಎಬ್ಬಸಬೇಕು,
ಅಂದ್ರಽ ಮತ್ತೊಬ್ಬರಿಗೆ ಹಾಸಿಗಿ.
ಎಲುಬು ತೊಳದು, ಎಣಿಸಿ, ಮೊಳದುದ್ದದ ಪೆಟ್ಟಿಗ್ಯಾಗ ತುಂಬಿ
ಗ್ವಾಡಿ ಗೂಡಿನ್ಯಾಗ ಇಡೂದು ನನ್ನ ಕೆಲಸ.
ಊರು ರೋಣದ ಕಡೆ, ಹೆಸರು ಮುದಕಪ್ಪ,
ಇಲ್ಲಿಯವರ ಬಾಯಾಗ ಮುದ್ಕು.

ಗಂಟಿ ಹೊಡಿಯೂ ಕಾಯ್ತಾನ್ ನನ್ನ ದೋಸ್ತ.
ಸಂಜಿಕ ಗ್ವಾಡಿ ಮ್ಯಾಲ ಕುಂತು
ಎರಡು ಗುಟುಕು ಫೆಣಿ ಇಳದ ಮ್ಯಾಲ
ಶುರು ಆಗತೈತಿ ನಮ್ಮ ಜಗಳ.

"ನರಕಕ್ಕ ಹೋದಾಂವ ಹೊರಗ ಬರೂದಿಲ್ಲ, ಮುದ್ಕು.
ಸ್ವರ್ಗಕ್ಕ ಹೋದಾಂವಗ ಬರೂ ಮನಸಽ ಇರೂದಿಲ್ಲ.
ನಡುವ ತೊಳಿಯೂ ಬೆಂಕಿ ಒಂದೈತಿ,
ಅಲ್ಲಿಂದ ಅಷ್ಟಽ ಮ್ಯಾಲಿನ ಬಸ್ಸು.
ಸೋಮವಾರ ಪೂಜಿ ಕೊಟ್ರ ಲಗೂನ ಸಿಗತೈತಿ."

ನಾ ಅಂದೆ, ನಮ್ಮ ಕಡೆ ಸ್ವರ್ಗಾನೂ ಬಾಡಿಗಿ ಮನಿ,
ಪುಣ್ಯ ತೀರಿದ ದಿನ ಗಂಟು ಕಟ್ಟಬೇಕು.
ನರಕಾನೂ ಹಂಗಽ. ಶಿಕ್ಷಾ ಮುಗದ್ರ ಬಿಡತಾರ.
ನಾಯಿ ಮಾಡತಾರೋ ನರಿ ಮಾಡತಾರೋ,
ಬಿಡೂದು ಮಾತ್ರ ಬಿಡತಾರ.

ಅಂವ ನಕ್ಕ.
"ಇವತ್ತು ಇಳಸ್ತಾರೋ ನಾಳೆ ಇಳಸ್ತಾರೋ ಅಂತ
ಅಂಜಿ ಕುಂತಾಂವಗ ಅದೆಂಥಾ ಸ್ವರ್ಗ?"
ನನ್ನ ಹಂತ್ಯಾಕ ಉತ್ತರ ಇರಲಿಲ್ಲ.
ಒಂದು ವಾರ ಇರಲಿಲ್ಲ.

ಎಂಟನೇ ದಿನ ಕೇಳಿದೆ,
ಬಿಡೂದಽ ಇಲ್ಲ ಅಂದ ಮ್ಯಾಲ ಹೊಡಿಯೂದು ಯಾಕ?
ಎಮ್ಮಿಗೆ ಹೊಡೀತೀವಿ, ದಾರಿಗೆ ಬರ್ಲಿ ಅಂತ.
ದಾರಿನಽ ಇಲ್ಲದಲ್ಲಿ ನಿಂದರಿಸಿ ಹೊಡಿಯಾಂವ
ಯಾವ ಸೀಮಿ ದನಕಾಯಾಂವ?
"ದೇವರು ದನಕಾಯಾಂವ ಅಲ್ಲ."
ಮತ್ತ ನಿಮ್ಮ ಇಗರ್ಜಿ ಗಾಜಿನ ಕಿಡಕ್ಯಾಗ
ಹೆಗಲ ಮ್ಯಾಲ ಕುರಿ ಹೊತ್ತು ನಿಂತಾಂವ ಯಾರು?
ಕಾಯ್ತಾನ್ ಮಾತಾಡಲಿಲ್ಲ. ನನಗ ಇನ್ನೊಂದು ಗುಟುಕು ಸುರದ.

ಹದಿನೇಳನೇ ನಂಬರಿನ್ಯಾಗ ಇದ್ದಾಂವ ಅವನ ತಮ್ಮ ಇನಾಸ್.
ಕುಡದು ಬಂದು ಅವ್ವನ ಕೈ ಮುರದಾಂವ.
ಆ ಅವ್ವನ ಎಲುಬು ತೊಳದಾಂವ ನಾನಽ,
ಬಲಗೈಯಾಗ ಗೋಲಿಯಷ್ಟು ಗಂಟು,
ಮುರದು ಕೂಡಿದ ಗುರ್ತು.
ಯಾರಿಗೂ ಹೇಳಿಲ್ಲ.
ಸಾಯುಮುಂದ ಆಕಿ ಅಂದಿದ್ದಳಂತ,
ನನ್ನ ಬಾಜೂದ ಗೂಡು ಖಾಲಿ ಇಡ್ರಿ, ಇನಾಸಗ.

ಮೂರು ವರ್ಷ ತುಂಬಿದ ದಿನ
ಕಾಯ್ತಾನ್ ಹೆಸರು ಬರಸಿದ ಪೆಟ್ಟಿಗಿ ತಂದ.
ನಾ ಮಣ್ಣು ಸರಿಸಿದೆ.
ಇನಾಸ್ ಹೆಂಗ ಹೋಗಿದ್ನೋ ಹಂಗಽ ಇದ್ದ.
ಕೋಟು, ಬೂಟು, ಕಚ್ಚಿ ಹಿಡದ ಹಲ್ಲು.

ಜೇಡಿ ಮಣ್ಣು ಒಮ್ಮೊಮ್ಮೆ ತಿನ್ನೂದಿಲ್ಲ.
ಪುಣ್ಯವಂತರನ್ನೂ ತಿಂದಿಲ್ಲ, ಕಳ್ಳರನ್ನೂ ತಿಂದಿಲ್ಲ, ನಾ ಕಂಡೀನಿ.
ಹಳೇ ಗೋವಾದಾಗ ಕೊಳೀದ ಮೈಗೆ ಸಂತ ಅಂತ ಸಾಲು ಹಚ್ಚತಾರ,
ನಮ್ಮ ಕುಡ್ತರ್ಯಾಗ ಕೊಳೀದಿದ್ರ
ಬಾಯಿ ಮ್ಯಾಲ ಕೈ ಇಟ್ಕೋತಾರ.

"ಬಿಡಲಿಲ್ಲ" ಅಂದ ಕಾಯ್ತಾನ್.
ಯಾರು ಯಾರನ್ನ ಅಂತ ಕೇಳಲಿಲ್ಲ.
ಮಣ್ಣು ತಿರುಗಿ ಎಳಕೋತ ಅಂದೆ,
ನಿಮ್ಮವ್ವ ಸ್ವರ್ಗದಾಗ ಇದ್ರ
ಆ ಗಂಟಿನ ಕೈಲೆ ಬೇಲಿ ಹಿಡಕೊಂಡು
ಕೆಳಗ ನೋಡಕೋತ ನಿಂತಿರತಾಳ.
ಹಂಗ ನಿಂತಾಕಿನ್ನ ಒಳಗ ಅಂತೀಯೋ,
ಹೊರಗ ಅಂತೀಯೋ?

ಈ ಸಲ ಉತ್ತರ ಇಲ್ಲದಾಂವ ಅಂವ.
ವಾರ ಅಲ್ಲ, ಮಳಿಗಾಲಽ ಮುಗೀತು.

ಪಾದ್ರಿ ಅರ್ಧಾ ಕೂಲಿ ಕೊಟ್ಟ,
ಗೋರಿ ಖಾಲಿ ಆಗಲಿಲ್ಲಲ್ಲ ಅಂತ.
ಪೆಟ್ಟಿಗಿ ಬಗಲಾಗ ಹಿಡಕೊಂಡು ಕಾಯ್ತಾನ್ ಮನಿಗೆ ಹೋದ.
ಈಗ ಅದರಾಗ, ಇನಾಸನ ಹೆಸರಿನ ಹಿಂದ,
ಅವನ ಕರೀ ಕೋಳಿ ಕಾವಿಗೆ ಕುಂತೈತಿ.
ಮರಿ ಹೊರಗ ಬಿದ್ದ ಮ್ಯಾಲ ತೊಳದು ಕೊಡತೀನಿ ಅಂದಾನ,
ಮುಂದಿನ ವರ್ಷಕ್ಕ.